ಗುರುಪೀಠಕ್ಕೂ ಒಂದು ಕಟ್ಟಳೆ

ಮಗ ಪ್ರಾಧ್ಯಾಪಕನಾದ, ಸೊಸೆ ಉಪನ್ಯಾಸಕಿಯಾದಳು ಎಂದು ಹೇಳಿಕೊಳ್ಳುವಾಗ ನಮ್ಮ ಸೀಮೆಯ ಹಿರಿಯರ ದನಿಯಲ್ಲಿ ಒಂದು ವಿಶೇಷ ತೃಪ್ತಿ ಕೇಳಿಬರುತ್ತದೆ. ಒಕ್ಕಲುತನದ ಮನೆತನಗಳು, ಅಂಗಡಿಕಾರ ಮನೆತನಗಳು ಎರಡು ಮೂರು ತಲೆಮಾರುಗಳ ಶ್ರಮದಿಂದ ಗಳಿಸಿದ ಗೌರವ ಅದು. ಆದರೆ ಅದೇ ಮನೆಗೆ ಒಂದು ದಿನ ನೋಂದಾಯಿತ ಅಂಚೆಯಲ್ಲಿ ದೋಷಾರೋಪಣ ಪತ್ರ ಬಂದರೆ, ಅಥವಾ ಕಾಲೇಜಿನಿಂದ ಮರಳಿದ ಮಗಳು ಅಧ್ಯಾಪಕರೊಬ್ಬರ ನಡತೆಯ ಬಗ್ಗೆ ಅಳುತ್ತ ಹೇಳಿದರೆ ಏನು ಮಾಡಬೇಕು? ಬಹುತೇಕ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಮೊದಲು ನೆನಪಾಗುವುದು ಪರಿಚಯದ ಶಾಸಕರು, ಆಮೇಲೆ ಸಮಾಜದ ಮುಖಂಡರು. ಕಾನೂನು ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಅಧ್ಯಾಪಕರ ಶಿಸ್ತಿಗೂ ರಕ್ಷಣೆಗೂ ನಮ್ಮ ನಾಡಿನಲ್ಲಿ ಇರುವ ಕಟ್ಟಳೆಗಳೇನು ಎಂಬುದನ್ನು ಓದುಗ ಕುಟುಂಬಗಳ ಮುಂದಿಡುವುದು ಈ ಸಲದ ನಮ್ಮ ಉದ್ದೇಶ.

ಈ ವಿಷಯವನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ನೆಲದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಎನಿಸಿದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದಿದ್ದರು. ಧಾರವಾಡದ ಗುಡ್ಡದ ಮೇಲೆ ಇಂದು ನಾವು ಕಾಣುವ ಆ ವಿದ್ಯಾನಗರಿ ಅವರ ಆಡಳಿತದ ಫಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಶೂನ್ಯದಿಂದ ಒಂದು ಸಂಸ್ಥೆಯನ್ನು ಕಟ್ಟಿದರು. ಘಟಪ್ರಭೆಯ ದಂಡೆಯ ಹಳ್ಳಿಗಳು ನಾಡಿಗೆ ಅಧ್ಯಾಪಕರನ್ನಷ್ಟೇ ಅಲ್ಲ, ಅಧ್ಯಾಪಕರನ್ನು ಆಳುವ ಆಡಳಿತಗಾರರನ್ನೂ ಕೊಟ್ಟಿವೆ. ಆದುದರಿಂದ ವಿಶ್ವವಿದ್ಯಾಲಯದ ಶಿಸ್ತು ನಮಗೆ ದೂರದ ವಿಷಯವಲ್ಲ, ಮನೆಯ ವಿಷಯ.

ಒಂದೇ ವೃತ್ತಿ, ನಾಲ್ಕು ಬಾಗಿಲು

ಹೊರಗಿನಿಂದ ನೋಡುವವರಿಗೆ ಎಲ್ಲ ಅಧ್ಯಾಪಕರೂ ಒಂದೇ. ಕಾನೂನಿನ ಕಣ್ಣಿಗೆ ಹಾಗಲ್ಲ. ನಮ್ಮ ಈ ಮೂರು ತಾಲ್ಲೂಕುಗಳ ಅಧ್ಯಾಪಕ ವರ್ಗವನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯವರು ವಿಶ್ವವಿದ್ಯಾಲಯದ ಸ್ವಂತ ಅಧ್ಯಾಪಕರು. 2010ರಲ್ಲಿ ಸ್ಥಾಪನೆಗೊಂಡ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಕಲಿಸುವವರು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಮತ್ತು ಅದರಡಿಯ ಪರಿನಿಯಮಗಳಿಗೆ ಒಳಪಡುತ್ತಾರೆ. ಅರಭಾವಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದವರು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವರು, ಅವರಿಗೆ ಬೇರೆಯೇ ಕಾಯ್ದೆ. ಇವರು ಸರ್ಕಾರಿ ನೌಕರರಲ್ಲ, ಶಾಸನದಿಂದ ಹುಟ್ಟಿದ ಸಂಸ್ಥೆಯ ನೌಕರರು. ಅನ್ಯಾಯವಾದರೆ ಇವರು ಕೊನೆಗೆ ತಟ್ಟಬೇಕಾದದ್ದು ಹೈಕೋರ್ಟಿನ ಬಾಗಿಲು, ನಮ್ಮ ಜಿಲ್ಲೆಗಾದರೆ ಧಾರವಾಡದ ಪೀಠ.

ಎರಡನೆಯವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಧ್ಯಾಪಕರು. ಇವರು ಪೂರ್ಣಾರ್ಥದಲ್ಲಿ ಸರ್ಕಾರಿ ನೌಕರರು. ಸಂವಿಧಾನದ 311ನೆಯ ವಿಧಿಯ ರಕ್ಷೆ ಇವರಿಗಿದೆ. ನೇಮಿಸಿದ ಅಧಿಕಾರಿಗಿಂತ ಕೆಳಗಿನವನು ಇವರನ್ನು ವಜಾ ಮಾಡುವಂತಿಲ್ಲ. ಆರೋಪ ತಿಳಿಸದೆ, ಸಮರ್ಥಿಸಿಕೊಳ್ಳಲು ಯುಕ್ತ ಅವಕಾಶ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಇವರ ಶಿಸ್ತುಕ್ರಮ ನಡೆಯುವುದು 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ. ನಡತೆಗೆ 1966ರ ನಿಯಮಗಳಿದ್ದವು, 2021ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ವರದಕ್ಷಿಣೆ ಪಡೆಯುವುದು ಕೂಡ ಈ ನಡತೆ ನಿಯಮಗಳ ಉಲ್ಲಂಘನೆ ಎಂಬುದನ್ನು ಮದುವೆಯ ಮಾತುಕತೆಗೆ ಕೂಡುವ ನಮ್ಮ ಹಿರಿಯರು ನೆನಪಿಡುವುದು ಒಳ್ಳೆಯದು. ಇವರ ಸೇವಾ ವ್ಯಾಜ್ಯಗಳನ್ನು ಕೇಳಲು ಕರ್ನಾಟಕ ಆಡಳಿತ ನ್ಯಾಯಮಂಡಳಿಯಿದೆ.

ಮೂರನೆಯವರು ಖಾಸಗಿ ಸಂಸ್ಥೆಗಳ ಕಾಲೇಜುಗಳವರು. ಮಠಗಳು, ವಿದ್ಯಾವರ್ಧಕ ಸಂಘಗಳು ಕಟ್ಟಿ ಬೆಳೆಸಿದ ಸಂಸ್ಥೆಗಳು ನಮ್ಮ ಭಾಗದಲ್ಲಿ ಅನೇಕ. ಒಂದು ಕಾಲದಲ್ಲಿ ಇಂಥಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಮಾತೇ ಶಾಸನವಾಗಿತ್ತು. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅದಕ್ಕೆ ಕಡಿವಾಣ ಹಾಕಿದ್ದು 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ. ವಿಚಾರಣೆಯಿಲ್ಲದೆ ವಜಾ ಮಾಡಬಾರದೆಂದು ಅದು ವಿಧಿಸಿತು, ನ್ಯಾಯಾಧೀಶರ ಮಟ್ಟದ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯನ್ನೂ ಒದಗಿಸಿತು.

ನಾಲ್ಕನೆಯವರು ಅತಿಥಿ ಉಪನ್ಯಾಸಕರು. ಹೆಸರು ಅತಿಥಿ, ಹೊರುವ ಭಾರ ಮನೆಯವರದು. ಇವರ ಮಾತನ್ನು ಮುಂದೆ ಆಡುತ್ತೇವೆ.

ಇನ್ನೊಂದು ಸಂಗತಿ ಎಲ್ಲರಿಗೂ ಸಮಾನ. ಅಧ್ಯಾಪಕರು ಔದ್ಯೋಗಿಕ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಪಿತ್ತಿತು. ಗೋಕಾಕದ ಗಿರಣಿಯ ಕೆಲಸಗಾರನೊಬ್ಬ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. ಅದೇ ಊರಿನ ಕಾಲೇಜಿನ ಉಪನ್ಯಾಸಕನಿಗೆ ಆ ದಾರಿಯಿಲ್ಲ. ಆದ್ದರಿಂದ ತನಗೆ ಯಾವ ಬಾಗಿಲು ಎಂಬುದನ್ನು ಕೆಲಸಕ್ಕೆ ಸೇರಿದ ದಿನವೇ ತಿಳಿದುಕೊಳ್ಳುವುದು ಜಾಣತನ.

ಕರ್ತವ್ಯದ ಅಳತೆ

ಶಿಸ್ತು ಎಂದರೆ ಶಿಕ್ಷೆಯಷ್ಟೇ ಅಲ್ಲ. ಮೊದಲು ಕರ್ತವ್ಯವೇನೆಂದು ಗೊತ್ತಿರಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಇದನ್ನು ಅಂಕಿಗಳಲ್ಲಿಯೇ ಹೇಳಿತು. ವಾರಕ್ಕೆ 40 ಗಂಟೆಗಳಿಗೆ ಕಡಿಮೆಯಿಲ್ಲದ ಕೆಲಸ, ವರ್ಷಕ್ಕೆ 30 ವಾರ ಅಂದರೆ 180 ಬೋಧನಾ ದಿನಗಳು. ಅದರಲ್ಲಿ ನೇರ ಪಾಠ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ದಿನಕ್ಕೆ ಕನಿಷ್ಠ 5 ಗಂಟೆ ಸಂಸ್ಥೆಯಲ್ಲಿ ಲಭ್ಯರಿರಬೇಕು. ಎರಡು ತಾಸು ಪಾಠ ಮಾಡಿ ಬಸ್ಸು ಹಿಡಿಯುವುದೇ ಪ್ರಾಧ್ಯಾಪಕ ವೃತ್ತಿಯೆಂದು ತಿಳಿದವರು ಈ ಸಾಲುಗಳನ್ನು ಓದಬೇಕು. ಕಾಯಕವೆಂಬ ಮಾತನ್ನು ವೇದಿಕೆಯ ಮೇಲೆ ಹೇಳುವುದು ಸುಲಭ, ಹಾಜರಿ ಪುಸ್ತಕದಲ್ಲಿ ತೋರಿಸುವುದು ಕಷ್ಟ.

ಅದೇ 2018ರಲ್ಲಿ ಕೃತಿಚೌರ್ಯದ ಬಗ್ಗೆಯೂ ಆಯೋಗ ನಿಯಮ ಮಾಡಿತು. ಪ್ರಕಟಿತ ಲೇಖನದಲ್ಲಿ ಅನ್ಯರ ಬರಹದ ಹೋಲಿಕೆ ಶೇಕಡಾ 10ರವರೆಗಿದ್ದರೆ ದಂಡವಿಲ್ಲ. ಶೇಕಡಾ 40ರಿಂದ 60ರವರೆಗಿದ್ದರೆ ಲೇಖನ ಹಿಂತೆಗೆಯುವುದರ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, 2 ವರ್ಷ ಸಂಶೋಧನ ಮಾರ್ಗದರ್ಶನ ಮಾಡುವಂತಿಲ್ಲ. ಶೇಕಡಾ 60ನ್ನು ಮೀರಿದರೆ ಎರಡು ಬಡ್ತಿ, 3 ವರ್ಷದ ನಿಷೇಧ. ಕಳವು ಹಣದ್ದಾದರೇನು, ಅಕ್ಷರದ್ದಾದರೇನು, ಅದಕ್ಕೊಂದು ಲೆಕ್ಕವಿದೆ.

ಪರೀಕ್ಷೆಯ ಕೆಲಸ ಇದಕ್ಕಿಂತಲೂ ಗಂಭೀರ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ವಿಶ್ವವಿದ್ಯಾಲಯದ ಕುಲಪತಿಯಿಂದ ಹಿಡಿದು ಉಪನ್ಯಾಸಕನವರೆಗೆ ಎಲ್ಲರನ್ನೂ ಸಾರ್ವಜನಿಕ ಸೇವಕರೆಂದು ಕರೆಯುತ್ತದೆ. ಅಷ್ಟೇ ಅಲ್ಲ, ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯವು ಯಾರ ಸೇವೆಯನ್ನು ಪಡೆಯುತ್ತದೆಯೋ ಅವರನ್ನೂ ಆ ಸಾಲಿಗೆ ಸೇರಿಸುತ್ತದೆ. ಅಂದರೆ ಖಾಸಗಿ ಕಾಲೇಜಿನ ಉಪನ್ಯಾಸಕನೊಬ್ಬ ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತ ದಿನ ಅಂಕಕ್ಕೆ ಹಣ ಪಡೆದರೆ, ತಾನು ಸರ್ಕಾರಿ ನೌಕರನಲ್ಲವೆಂಬ ನೆವ ನಡೆಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಯನ್ನು ಶಾಸನಕಾರರು ತಮ್ಮ ಭಾಷೆಯಲ್ಲಿ ಬರೆದಿದ್ದಾರೆ.

ವಿಚಾರಣೆಯ ಮೆಟ್ಟಿಲುಗಳು

ಇನ್ನು ಶಿಸ್ತುಕ್ರಮ ನಡೆಯುವ ಬಗೆ. ಮೊದಲು ಪ್ರಾಥಮಿಕ ತನಿಖೆ. ಆಧಾರ ಕಂಡರೆ ದೋಷಾರೋಪಣ ಪತ್ರ. ಅದರೊಡನೆ ಆರೋಪದ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ ಇರಬೇಕು. ಅಧ್ಯಾಪಕ ಲಿಖಿತ ಉತ್ತರ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ವಿಚಾರಣಾಧಿಕಾರಿಯ ನೇಮಕ. ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ಪ್ರತಿವಾದಿಯ ಸಾಕ್ಷ್ಯ, ನಂತರ ವರದಿ. ವರದಿಯ ಪ್ರತಿಯನ್ನು ಆರೋಪಿತನಿಗೆ ಕೊಟ್ಟು ಅವನ ಮಾತು ಕೇಳಿದ ಮೇಲೆಯೇ ದಂಡನೆ ವಿಧಿಸಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 1993ರಲ್ಲಿ ಸ್ಥಿರಪಡಿಸಿತು. ದಂಡನೆಗಳಲ್ಲಿಯೂ ತರತಮವಿದೆ. ವಾಗ್ದಂಡನೆ, ವೇತನ ಬಡ್ತಿ ತಡೆ, ನಷ್ಟ ವಸೂಲಿ ಇವು ಲಘು. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ ಇವು ಕಠಿಣ. ತೆಗೆದುಹಾಕಲ್ಪಟ್ಟವನು ಮುಂದೆ ಬೇರೆ ಸರ್ಕಾರಿ ಕೆಲಸಕ್ಕೆ ಅರ್ಹನಾಗಬಹುದು. ವಜಾ ಆದವನಿಗೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚುತ್ತದೆ.

ಅಮಾನತು ದಂಡನೆಯಲ್ಲ. ಇದನ್ನು ನಮ್ಮ ಜನ ತಿಳಿಯದೆ, ಪತ್ರಿಕೆಯಲ್ಲಿ ಹೆಸರು ಬಂದೊಡನೆ ಅಪರಾಧಿಯೆಂದೇ ಮಾತಾಡುತ್ತಾರೆ. ತನಿಖೆಗೆ ಅಡ್ಡಿಯಾಗದಿರಲೆಂದು ತಾತ್ಕಾಲಿಕವಾಗಿ ದೂರವಿಡುವ ಕ್ರಮ ಅದು. ಅದನ್ನು ವರ್ಷಾನುಗಟ್ಟಲೆ ಎಳೆದರೆ ಮಾತ್ರ ದಂಡನೆಗಿಂತ ಕ್ರೂರವಾಗುತ್ತದೆ. ದೋಷಾರೋಪಣ ಪತ್ರ ಕೊಡದೆ ಅಮಾನತನ್ನು 3 ತಿಂಗಳಿಗಿಂತ ಹೆಚ್ಚು ಮುಂದುವರಿಸಬಾರದೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಈ ಕಾರಣದಿಂದ.

ಅಮಾನತಿನ ಕಾಲದಲ್ಲಿ ಜೀವನಾಧಾರ ಭತ್ಯೆ ಕೊಡಬೇಕೆಂಬುದು ಮತ್ತೊಂದು ನಿಯಮ. ಇದರ ಬೆಲೆ ಗೊತ್ತಾದದ್ದು ನಮ್ಮದೇ ನಾಡಿನ ಕೋಲಾರ ಚಿನ್ನದ ಗಣಿಯ ಪ್ರಕರಣದಲ್ಲಿ. ಅಲ್ಲಿನ ಭದ್ರತಾಧಿಕಾರಿಯೊಬ್ಬರು 1985ರಲ್ಲಿ ಅಮಾನತಾದರು. ಭತ್ಯೆ ದೊರೆಯಲಿಲ್ಲ, ಕೇರಳದ ತಮ್ಮ ಊರಿನಲ್ಲಿ ಅನಾರೋಗ್ಯದಿಂದಿದ್ದ ಅವರಿಗೆ ವಿಚಾರಣೆಗೆ ಬರಲಾಗಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ಮುಗಿದು ವಜಾ ಆದೇಶ ಹೊರಬಿತ್ತು. ಮುಂದೆ ಕ್ರಿಮಿನಲ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಸರ್ವೋಚ್ಚ ನ್ಯಾಯಾಲಯ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿದ್ದು 1999ರಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಸಮರ್ಥನೆಯ ಅವಕಾಶವಿತ್ತು ಎನ್ನುವುದು ಕಾಗದದ ಮೇಲಿನ ಮಾತು ಎಂದು ಆ ತೀರ್ಪಿನ ತಿರುಳು. ಅವರು ಅಧ್ಯಾಪಕರಲ್ಲದಿದ್ದರೂ ಅಂದಿನಿಂದ ಅಮಾನತಾದ ಪ್ರತಿಯೊಬ್ಬ ಅಧ್ಯಾಪಕನ ವಕೀಲರೂ ಆ ತೀರ್ಪನ್ನು ಎತ್ತಿ ಹೇಳಬಲ್ಲರು.

ಶಿರಸಿ ಪುರಸಭೆಯ ಪ್ರಕರಣವೂ ಅಂಥದೇ. ಮಹಿಳಾ ನೌಕರರೊಬ್ಬರನ್ನು ನಿಯಮದಂತೆ ಅವಕಾಶ ಕೊಡದೆ ವಜಾ ಮಾಡಲಾಗಿತ್ತು. ಖಾಸಗಿ ಯಜಮಾನ ತನ್ನ ಆಳನ್ನು ತಪ್ಪಾಗಿ ಬಿಡಿಸಿದರೆ ನ್ಯಾಯಾಲಯ ಪರಿಹಾರಧನ ಕೊಡಿಸೀತು. ಆದರೆ ಶಾಸನಬದ್ಧ ಸಂಸ್ಥೆಯೊಂದು ತನ್ನ ನಿಯಮವನ್ನೇ ಮುರಿದು ತೆಗೆದುಹಾಕಿದರೆ ಆ ಆದೇಶವೇ ಅಸಿಂಧು, ನೌಕರ ಸೇವೆಯಲ್ಲಿಯೇ ಇದ್ದಾನೆಂದು ಘೋಷಿಸಬಹುದು ಎಂಬ ತತ್ತ್ವವನ್ನು 1973ರಲ್ಲಿ ಆ ಪ್ರಕರಣ ಬಲಪಡಿಸಿತು. ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ದೊರೆತಿರುವ ರಕ್ಷಣೆಯ ಬುಡ ಇಲ್ಲಿದೆ.

ಹಾಗೆಂದು ನ್ಯಾಯಾಲಯಗಳು ವಿದ್ಯಾಸಂಸ್ಥೆಯ ಎಲ್ಲದರಲ್ಲಿಯೂ ಕೈಹಾಕುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ಹುದ್ದೆಯ ನೇಮಕವನ್ನು ಪ್ರಶ್ನಿಸಿದ ಮೈಸೂರು ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ತಜ್ಞರ ಸಮಿತಿಯ ವಿದ್ವತ್ ನಿರ್ಣಯದಲ್ಲಿ ನ್ಯಾಯಾಲಯ ಹಿಂಜರಿಕೆಯಿಂದಲೇ ಪ್ರವೇಶಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1963ರಲ್ಲಿಯೇ ಹೇಳಿತ್ತು. ಯೋಗ್ಯತೆಯ ತೀರ್ಮಾನ ವಿದ್ವಾಂಸರದು, ವಿಧಾನದ ತೀರ್ಮಾನ ನ್ಯಾಯಾಧೀಶರದು.

ಅವಸರದ ನ್ಯಾಯ, ತಡವಾದ ನ್ಯಾಯ

ಇಷ್ಟೆಲ್ಲ ಹೇಳಿದ ಮೇಲೆ ಮನೆಯ ಹೆಣ್ಣುಮಕ್ಕಳ ಮಾತಿಗೆ ಬರಬೇಕು. ಚೋರ್ಲಾ ಘಟ್ಟ ಇಳಿದರೆ ಸಿಗುವ ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ವಿಚಾರಣೆ ನಡೆಸಿತು. 2010ರಲ್ಲಿ ಅಧ್ಯಾಪಕರು ವಜಾ ಆದರು. 2012ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ 2023ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯ ಎಲ್ಲವನ್ನೂ ರದ್ದುಪಡಿಸಿ ಪ್ರಕರಣವನ್ನು ಪುನಃ ಸಮಿತಿಗೆ ಕಳಿಸಿತು. ಕಾರಣವೇನು? ಸಮಿತಿ ಅತಿ ಅವಸರದಿಂದ ಬೆನ್ನುಬೆನ್ನಿಗೆ ಸಭೆ ನಡೆಸಿ, ಸಮಯ ಕೇಳಿದವರಿಗೆ ಯುಕ್ತ ಅವಕಾಶ ಕೊಡದೆ ವರದಿ ಬರೆದಿತ್ತು. ಆರೋಪ ನಿಜವೆಂದಾಗಲಿ ಸುಳ್ಳೆಂದಾಗಲಿ ನ್ಯಾಯಾಲಯ ಹೇಳಲಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕೆಲವು ವಾರಗಳ ತಾಳ್ಮೆ ಇಲ್ಲದ್ದಕ್ಕೆ 14 ವರ್ಷಗಳು ಸಂದವು. ದೂರು ಕೊಟ್ಟ ವಿದ್ಯಾರ್ಥಿನಿಯರು ಓದು ಮುಗಿಸಿ ಹೋಗಿ ಎಷ್ಟು ಕಾಲವಾಯಿತು! ಆರೋಪ ನಿಜವಾಗಿದ್ದರೆ ಅವರಿಗೆ ನ್ಯಾಯ ಸಿಗಲಿಲ್ಲ. ಸುಳ್ಳಾಗಿದ್ದರೆ ಆ ಅಧ್ಯಾಪಕರ ಬಾಳು ಮರಳಿ ಬರಲಿಲ್ಲ. ವಿಧಾನವನ್ನು ಬರಿಯ ಕಾಗದದ ಕಿರಿಕಿರಿಯೆಂದು ತಿಳಿಯುವ ಆಡಳಿತಗಾರರು ಕಲಿಯಬೇಕಾದ ಪಾಠವಿದು. ವಿಧಾನ ಕೆಟ್ಟರೆ ಇಬ್ಬರೂ ಕೆಡುತ್ತಾರೆ.

ನಮ್ಮ ಮನೆಗಳು ತಿಳಿದಿರಬೇಕಾದ ಅಂಶಗಳು ಕೆಲವಿವೆ. 1997ರ ವಿಶಾಖಾ ತೀರ್ಪು ಹಾಕಿದ ಅಡಿಪಾಯದ ಮೇಲೆ 2013ರ ಕಾಯ್ದೆ ಬಂತು. ವಿದ್ಯಾರ್ಥಿನಿಯರನ್ನೂ ಒಳಗೊಳ್ಳುವಂತೆ ಧನಸಹಾಯ ಆಯೋಗ 2015ರಲ್ಲಿ ನಿಯಮ ಮಾಡಿತು. ಪ್ರತಿ ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿ ಇರಬೇಕು; ಅಧ್ಯಕ್ಷೆ ಹಿರಿಯ ಅಧ್ಯಾಪಕಿಯಾಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನವರೊಬ್ಬರಿರಬೇಕು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು. ಕುಲಪತಿ, ಕುಲಸಚಿವರಂಥ ಉನ್ನತ ಅಧಿಕಾರಿಗಳು ಅದರಲ್ಲಿ ಕೂಡುವಂತಿಲ್ಲ. ದೂರನ್ನು ಘಟನೆಯ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನು 3 ತಿಂಗಳ ಅವಧಿ ಸಿಗಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಮರ್ಯಾದೆಯ ಹೆಸರಿನಲ್ಲಿ ಮಗಳ ಬಾಯಿ ಮುಚ್ಚಿಸಿ ಆರು ತಿಂಗಳು ಕಳೆಯುವ ತಂದೆ ತಾಯಿ ಅರಿಯದೆಯೇ ಕಾನೂನಿನ ಬಾಗಿಲನ್ನು ಮುಚ್ಚಿಬಿಡುತ್ತಾರೆ. ಮರ್ಯಾದೆ ಹೋಗುವುದು ತಪ್ಪು ಮಾಡಿದವರದು, ಹೇಳಿದವರದಲ್ಲ.

ವಿಚಾರಣೆಯೂ ಇಲ್ಲದವರು

ಅತಿಥಿ ಉಪನ್ಯಾಸಕರ ಮಾತನ್ನು ಮುಂದಕ್ಕೆ ಹಾಕಿದ್ದೆವು. ಕಾಯಂ ಅಧ್ಯಾಪಕನ ಒಂದು ದಿನದ ಗೈರುಹಾಜರಿಗೂ ಕಾರಣ ಕೇಳುವ ನೋಟೀಸು ಬೇಕು. ಅತಿಥಿ ಉಪನ್ಯಾಸಕನ ಹತ್ತು ವರ್ಷದ ಸೇವೆ ಮುಗಿಯಲು ಮುಂದಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಾಕು. ಆರೋಪವಿಲ್ಲ, ಆದುದರಿಂದ ವಿಚಾರಣೆಯಿಲ್ಲ, ಆದುದರಿಂದ ಮೇಲ್ಮನವಿಯೂ ಇಲ್ಲ. ಕಳಂಕ ಹೊರಿಸಿ ಬಿಡಿಸಿದರೆ ವಿಚಾರಣೆ ಬೇಕೆಂದು ನ್ಯಾಯಾಲಯಗಳು ಹೇಳಿವೆಯಾದರೂ, ಬಾಯಿಬಿಟ್ಟು ಹೇಳದ ಕಳಂಕವನ್ನು ಸಾಬೀತುಪಡಿಸುವುದು ಹೇಗೆ? ನಮ್ಮ ಮೂರು ತಾಲ್ಲೂಕುಗಳಲ್ಲಿಯೂ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ ಮುಗಿಸಿದ ಯುವಕ ಯುವತಿಯರು ಈ ಅನಿಶ್ಚಿತತೆಯಲ್ಲಿ ಮದುವೆ, ಮನೆ, ಮಕ್ಕಳ ಓದನ್ನು ನಿಭಾಯಿಸುತ್ತಿದ್ದಾರೆ. ಇಂಥವರು ಪ್ರಾಚಾರ್ಯರ ತಪ್ಪನ್ನು ಎತ್ತಿ ಹೇಳಲು ಸಾಧ್ಯವೆ? ಭಯದಿಂದ ಬರುವ ವಿಧೇಯತೆಯನ್ನು ಶಿಸ್ತೆಂದು ಕರೆಯಲಾಗದು. ಅತಿಥಿಯನ್ನು ಬಿಡುವಾಗಲೂ ಕಾರಣವನ್ನು ಬರೆದು ಕೊಡುವ, ಅವರ ಮಾತು ಕೇಳುವ ಸರಳ ಪದ್ಧತಿಯನ್ನು ನಮ್ಮ ಸಂಸ್ಥೆಗಳಾದರೂ ತಾವಾಗಿಯೇ ಆರಂಭಿಸಬೇಕು. ಅದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ.

ಸಮಾಜದ ಪಾತ್ರ

ಕೊನೆಯದಾಗಿ ಕಹಿಯಾದರೂ ಹೇಳಲೇಬೇಕಾದ ಮಾತು. ಅಧ್ಯಾಪಕನೊಬ್ಬನ ಮೇಲೆ ಆರೋಪ ಬಂದೊಡನೆ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಆತ ಏನು ಮಾಡಿದ ಎಂಬುದಲ್ಲ, ಆತ ಯಾರವನು ಎಂಬುದು. ನಮ್ಮವನಾದರೆ ನಿಯೋಗ ಹೊರಡುತ್ತದೆ. ಬೇರೆಯವನಾದರೆ ಪ್ರತಿಭಟನೆ ಹೊರಡುತ್ತದೆ. ಸಿಂಡಿಕೇಟಿನ ಮೇಜಿನ ಮೇಲೆ ಕಡತಕ್ಕಿಂತ ಮೊದಲು ಜಾತಿಯ ಲೆಕ್ಕ ಬಂದು ಕೂಡುತ್ತದೆ. ಯಾವ ಒಂದು ಸಮುದಾಯದ್ದೂ ಅಲ್ಲ ಈ ರೋಗ, ಆದರೆ ಎಲ್ಲ ಸಮುದಾಯಗಳಲ್ಲಿಯೂ ಇದೆ ಎಂಬುದು ನಮಗೆ ಸಮಾಧಾನವಾಗಬಾರದು. ಜಾತಿಯನ್ನು ಕೇಳದೆ ಕಾಯಕವನ್ನು ನೋಡಿದ ಪರಂಪರೆಯವರು ನಾವೆಂದು ಹೇಳಿಕೊಳ್ಳುತ್ತೇವೆ. ವಿಚಾರಣೆಯ ಕೋಣೆಯ ಹೊರಗೆ ಅದನ್ನು ಮರೆಯಬಾರದು.

ಹಾಗಾದರೆ ಸಮಾಜ ಸುಮ್ಮನಿರಬೇಕೆ? ಇಲ್ಲ. ಮಾಡಬೇಕಾದ ಕೆಲಸಗಳಿವೆ. ಆಪಾದಿತ ಅಧ್ಯಾಪಕನ ಮನೆಯವರನ್ನು ಬಹಿಷ್ಕಾರದ ಕಣ್ಣಿನಿಂದ ನೋಡಬಾರದು; ತೀರ್ಮಾನ ಆಗುವತನಕ ಅವನು ಆಪಾದಿತನಷ್ಟೇ. ಅವನಿಗೆ ಶಿಫಾರಸಿನ ಬದಲು ತಿಳಿವಳಿಕೆಯುಳ್ಳ ವಕೀಲರ ಸಲಹೆ ದೊರಕಿಸಬೇಕು. ನೋಟೀಸಿಗೆ ಉತ್ತರಿಸದೆ ಕಪಾಟಿನಲ್ಲಿಡುವುದು, ಸಿಟ್ಟಿನಲ್ಲಿ ರಾಜೀನಾಮೆ ಬರೆದು ಕೊಡುವುದು, ವಿಚಾರಣೆಗೆ ಗೈರಾಗುವುದು ಈ ಮೂರು ತಪ್ಪುಗಳಿಂದ ಗೆಲ್ಲಬಹುದಾದ ಪ್ರಕರಣಗಳೂ ಸೋಲುತ್ತವೆ. ದೂರು ಕೊಟ್ಟ ವಿದ್ಯಾರ್ಥಿನಿಯ ಮನೆಯವರನ್ನು ರಾಜಿಗೆ ಒತ್ತಾಯಿಸಲು ಯಾವ ಹಿರಿಯರೂ ಹೋಗಬಾರದು. ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಇರುವ ನಮ್ಮ ಬಾಂಧವರು ತಮ್ಮ ಕಾಲೇಜಿನ ದೂರು ಸಮಿತಿ ನಿಜವಾಗಿ ಇದೆಯೋ, ಫಲಕದ ಮೇಲಷ್ಟೇ ಇದೆಯೋ ಎಂದು ಈ ತಿಂಗಳಲ್ಲಿಯೇ ನೋಡಿಕೊಳ್ಳಬೇಕು.

ಗುರುವಿಗೆ ನಮ್ಮಲ್ಲಿ ಇರುವ ಸ್ಥಾನ ದೊಡ್ಡದು. ಆದರೆ ವಿಶ್ವವಿದ್ಯಾಲಯದ ಅಧ್ಯಾಪಕ ಸಮಾಜದ ಹಣದಿಂದ ಸಂಬಳ ಪಡೆದು ಸಮಾಜದ ಮಕ್ಕಳ ಭವಿಷ್ಯವನ್ನು ಕೈಯಲ್ಲಿ ಹಿಡಿದವನು. ಅವನ ಲೆಕ್ಕ ಕೇಳುವ ಅಧಿಕಾರ ಸಮಾಜಕ್ಕಿದೆ, ನ್ಯಾಯವಾಗಿ ಕೇಳುವ ಹೊಣೆಯೂ ಅದಕ್ಕೇ ಇದೆ. ಗೌರವ ಕೊಟ್ಟು ಲೆಕ್ಕ ಕೇಳೋಣ, ಲೆಕ್ಕ ಕೇಳಿಯೂ ಗೌರವ ಉಳಿಸೋಣ.